ತೊಡೆಯ ಮೂಳೆ ಕೂಡದಿದ್ದರೆ...



ಈ ಸಲ ಬಂದ ಪತ್ರಗಳ ಕಟ್ಟಿನಲ್ಲಿ ನಾಲ್ಕು ಪುಟದ ಒಂದು ಪತ್ರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬರೆದವರು ಒಂದು ತಾಲ್ಲೂಕು ಊರಿನ ಗೃಹಿಣಿ, ವಯಸ್ಸು 46. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಆದರೆ ಅವರ ಕಥೆಯನ್ನು ನಿಮಗೆ ಹೇಳಲೇಬೇಕು. ಇಂಥವರು ನಮ್ಮ ನಡುವೆ ಒಬ್ಬರಲ್ಲ, ಇಬ್ಬರಲ್ಲ.

ಹನ್ನೊಂದು ತಿಂಗಳ ಹಿಂದೆ ಅವರು ಯಜಮಾನರ ಸ್ಕೂಟರಿನ ಹಿಂದೆ ಕೂತು ನೆಂಟರ ಮನೆಯ ಸೀಮಂತಕ್ಕೆ ಹೊರಟಿದ್ದರು. ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತು, ಬಿದ್ದರು. ಬಲತೊಡೆಯ ಮೂಳೆ ನಡುಮಧ್ಯೆ ಮುರಿಯಿತು. ಮೂರನೆಯ ದಿನ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ರಾಡ್ ಹಾಕಿದರು. "ಮೂರ್ನಾಲ್ಕು ತಿಂಗಳಲ್ಲಿ ಓಡಾಡ್ತೀರಿ" ಎಂದರು. ಆರು ತಿಂಗಳಾಯಿತು, ಎಂಟಾಯಿತು, ಕಾಲೂರಿದರೆ ತೊಡೆಯಲ್ಲಿ ಛಳಕು. ಮನೆಯವರು ಮೊದಮೊದಲು ಮರುಗಿದರು. ಆಮೇಲೆ, "ರಾಡ್ ಹಾಕಿದ ಮೇಲೆ ಇನ್ನೇನು ನೋವು? ಎಲ್ಲ ಮನಸ್ಸಿನದು" ಎನ್ನತೊಡಗಿದರು. ಅತ್ತೆಯವರು ನಾಟಿ ಕಟ್ಟು ಹಾಕಿಸೋಣ, ಎಣ್ಣೆ ಹಚ್ಚಿ ತಿಕ್ಕಿಸೋಣ ಎಂದರು. ಇವರು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟರು. ಹೋದ ತಿಂಗಳು ಎಕ್ಸ್‌ರೇ ತೆಗೆಸಿದಾಗ ಡಾಕ್ಟರು, "ಮೂಳೆ ಕೂಡಿಲ್ಲ, ಮತ್ತೆ ಆಪರೇಷನ್ ಆಗಬೇಕು" ಎಂದರಂತೆ.

ಪತ್ರದ ಕೊನೆಯ ಸಾಲುಗಳು ಹೀಗಿವೆ: "ಐದು ತಿಂಗಳಿಗೆ ಮಗಳ ಮದುವೆ ಇಟ್ಟುಕೊಂಡಿದ್ದೇವೆ. ಈಗ ಖರ್ಚು ಮಾಡಿಸೋಕೆ ನನಗೇ ಮನಸ್ಸಿಲ್ಲ. ಹೇಗೋ ಮಾತ್ರೆ ನುಂಗಿಕೊಂಡು ಮದುವೆ ಮುಗಿಸಿಬಿಟ್ಟರೆ ಆಮೇಲೆ ನೋಡಿಕೊಳ್ಳೋಣ ಅಂತ. ನಾನು ಮಾಡ್ತಿರೋದು ಸರಿಯಾ ಡಾಕ್ಟರಮ್ಮ?"

ತಾಯಿ, ನಿಮ್ಮ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು ತೊಡೆಯೊಳಗೆ ಏನಾಗಿದೆ ಎಂಬುದು ನಿಮಗೂ, ನಿಮ್ಮ ಮನೆಯವರಿಗೂ ತಿಳಿಯಬೇಕು.

ಮೂಳೆ ಕೂಡುವುದು ಹೇಗೆ?

ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಉದ್ದದ, ಎಲ್ಲಕ್ಕಿಂತ ಗಟ್ಟಿಯ ಮೂಳೆ ತೊಡೆಯದು. ಅದು ಮುರಿದಾಗ ಮೊದಲು ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದರೊಳಕ್ಕೆ ಹೊಸ ರಕ್ತನಾಳಗಳು ಬೆಳೆದು, ಮೆತ್ತನೆಯ ಅಂಟಿನಂಥ ಕೂಡುಮೂಳೆ ಹುಟ್ಟುತ್ತದೆ. ಅದಕ್ಕೆ ಸುಣ್ಣದಂಶ ತುಂಬಿ ನಿಧಾನವಾಗಿ ಗಟ್ಟಿಯಾಗುತ್ತದೆ. ದೊಡ್ಡವರಲ್ಲಿ ತೊಡೆಯ ಮೂಳೆ ಪೂರ್ತಿ ಕೂಡಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು.

ಇಲ್ಲೊಂದು ವಿಷಯ ನೆನಪಿಡಿ. ಮೂಳೆಯನ್ನು ಕೂಡಿಸುವುದು ರಾಡ್ ಅಲ್ಲ. ರಾಡ್ ಬರೀ ಆಸರೆ. ಕೂಡಬೇಕಾದ್ದು ಮೂಳೆಯೇ. ಗಾರೆ ಗಟ್ಟಿಯಾಗುವ ತನಕ ತಾರಸಿಗೆ ಕೊಡುವ ಆಸರೆ ಕಂಬ ಇದೆಯಲ್ಲ, ಹಾಗೆ. ಗಾರೆಯೇ ಕಚ್ಚದಿದ್ದರೆ ಕಂಬ ಎಷ್ಟು ದಿನ ಹೊತ್ತೀತು?

ಮುರಿದು ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳ ಎಕ್ಸ್‌ರೇಗಳಲ್ಲಿ ಏನೂ ಮುನ್ನಡೆ ಕಾಣದಿದ್ದರೆ ಅದನ್ನು ವೈದ್ಯರು 'ಕೂಡದ ಮೂಳೆ' ಎಂದು ತೀರ್ಮಾನಿಸುವುದು ರೂಢಿ. ಇನ್ನು ತಾನಾಗಿ ಕೂಡುವಂತಿಲ್ಲ ಎಂದು ಮೊದಲೇ ಗೊತ್ತಾದರೆ ಅಷ್ಟು ಕಾಯುವುದೂ ಇಲ್ಲ.

ಹೆಪ್ಪು ಹಾಕಿದ ಹಾಲಿನಂತೆ

ಯಾಕೆ ಕೂಡುವುದಿಲ್ಲ? ರಾತ್ರಿ ಹಾಲಿಗೆ ಹೆಪ್ಪು ಹಾಕುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಬೆಳಿಗ್ಗೆ ಮೊಸರು ಕಟ್ಟಿಲ್ಲ ಎಂದರೆ ಕಾರಣ ಮೂರು. ಒಂದು, ಪಾತ್ರೆ ಯಾರೋ ಅಲ್ಲಾಡಿಸಿದ್ದಾರೆ. ಎರಡು, ಹೆಪ್ಪೇ ಸಾಲದು, ಇಲ್ಲವೇ ಹಾಲು ತಣ್ಣಗಿತ್ತು. ಮೂರು, ಪಾತ್ರೆ ಸರಿಯಾಗಿ ತೊಳೆದಿರಲಿಲ್ಲ, ಹಾಲೇ ಕೆಟ್ಟಿತು. ಮೂಳೆಯ ಕಥೆಯೂ ಹೆಚ್ಚುಕಡಿಮೆ ಇದೇ.

ಮೊದಲನೆಯದು, ಅಲ್ಲಾಟ. ಹಾಕಿದ ರಾಡ್ ಸಣ್ಣದಾಗಿ, ಅಥವಾ ಸ್ಕ್ರೂ ಸಡಿಲವಾಗಿ, ಮುರಿದ ಜಾಗ ಮಿತಿ ಮೀರಿ ಅಲುಗುತ್ತಿರುತ್ತದೆ. ಮೂಳೆಗೆ ಬೆಳೆಯುವ ಶಕ್ತಿ ಇದೆ. ತುದಿಗಳು ಆನೆಯ ಪಾದದ ಹಾಗೆ ದಪ್ಪಗೆ ಬೆಳೆದೂ ಇರುತ್ತವೆ. ಆದರೆ ನಡುವಿನ ಗೆರೆ ಮುಚ್ಚುವುದಿಲ್ಲ.

ಎರಡನೆಯದು, ಸತ್ವದ ಕೊರತೆ. ಅಪಘಾತದಲ್ಲಿ ಮಾಂಸ, ರಕ್ತನಾಳ ಬಹಳ ಹರಿದು, ಮೂಳೆಯ ತುದಿಗೆ ರಕ್ತ ಸಾಲದೆ, ಅದು ಒಣಗಿದ ಕಡ್ಡಿಯ ಹಾಗೆ ಸಪೂರವಾಗಿ ನಿಲ್ಲುತ್ತದೆ.

ಮೂರನೆಯದು, ನಂಜು. ಚರ್ಮ ಸೀಳಿ ಮೂಳೆ ಹೊರಬಂದಿದ್ದ ಗಾಯಗಳಲ್ಲಿ ಇದು ಹೆಚ್ಚು. ಕೀವು ಹೊರಗೆ ಕಂಡರೆ ಸರಿ, ಎಷ್ಟೋ ಸಲ ಕಾಣದೆ ಒಳಗೇ ಕುಳಿತಿರುತ್ತದೆ.

ಈ ಮೂರಕ್ಕೂ ಕುಮ್ಮಕ್ಕು ಕೊಡುವ ಇನ್ನು ಕೆಲವಿವೆ: ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಡಿ ಜೀವಸತ್ವದ ಕೊರತೆ, ಪುಷ್ಟಿ ಇಲ್ಲದ ಊಟ ಮತ್ತು ಹೊಗೆಸೊಪ್ಪು. ಈ ಕೊನೆಯದನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. "ಸಿಗರೇಟು ಸೇದ್ತೀರಾ?" ಎಂದು ಡಾಕ್ಟರು ಹೆಂಗಸರನ್ನು ಕೇಳುವುದೇ ಇಲ್ಲ. ಎಲೆ ಅಡಿಕೆಯ ಜೊತೆ ಚೂರು ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುವವರು ನಾಚಿಕೆಯಿಂದ ಹೇಳುವುದೂ ಇಲ್ಲ. ಪತ್ರ ಬರೆದ ಸೋದರಿಯೂ, "ನೋವು ಮರೆಯೋಕೆ ಸ್ವಲ್ಪ ಹಾಕಿಕೊಳ್ತೀನಿ" ಎಂದು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಾರೆ. ತಾಯಿ, ಅದರಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ, ಮೂಳೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಇವತ್ತೇ ಬಿಡಿ. ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಅಂದ ಹಾಗೆ, ಆ ಅಂಚಿನ ಸಾಲನ್ನು ಓದಿ ನಾನು ನಗಲಿಲ್ಲ. ನೋವು ನಿಜವಾಗಿದ್ದರೆ ತಾನೇ ಅದನ್ನು ಮರೆಯಬೇಕಾದ್ದು? ಕಾಲೂರಿದಾಗ ಮುರಿದ ಜಾಗದಲ್ಲೇ ಬರುವ ನೋವು, ಕೂತಾಗ ಕಡಿಮೆಯಾಗುವ ನೋವು ಮನಸ್ಸಿನದಲ್ಲ. ಕೂಡದ ಮೂಳೆಯ ಮಾತೇ ಅದು.

ಹಳೆಯ ಕಾಲ, ಹೊಸ ದಾರಿ

ನಮ್ಮ ಹಿರಿಯರ ಕಾಲದಲ್ಲಿ ತೊಡೆ ಮುರಿದರೆ ಕಾಲಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಂಚದ ಮೇಲೆ ಮಲಗಿಸುತ್ತಿದ್ದರು. ಬೆನ್ನಿಗೆ ಹುಣ್ಣು, ಮಂಡಿ ಬಿಗಿತ, ಒಂದು ಕಾಲು ಗಿಡ್ಡ - ಇವೆಲ್ಲ ಮಾಮೂಲಾಗಿತ್ತು. ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಗೆರ್ಹಾರ್ಡ್ ಕುಂಟ್ಷರ್ 1939ರಲ್ಲಿ ತೊಡೆಯ ಮೂಳೆಯ ಪೊಳ್ಳಿನೊಳಗೇ ಉದ್ದಕ್ಕೂ ಉಕ್ಕಿನ ಸಲಾಕೆ ಹಾಕಿ ತೋರಿಸಿದರು. ಯುದ್ಧ ಮುಗಿದು ಸೆರೆಯಾಳುಗಳಾಗಿದ್ದ ಅಮೆರಿಕದ ಸೈನಿಕರು ಊರಿಗೆ ಮರಳಿದಾಗ, ಅವರ ತೊಡೆಯ ಎಕ್ಸ್‌ರೇಯಲ್ಲಿ ಈ ಸಲಾಕೆ ಕಂಡು ಅಲ್ಲಿನ ವೈದ್ಯರು ಬೆರಗಾದರು. ಇವತ್ತಿನ ರಾಡ್ ಅದರ ಸುಧಾರಿಸಿದ ರೂಪವೇ.

ಕೂಡದ ಮೂಳೆಗೆ ಏನು ಮಾಡುತ್ತಾರೆ?

ಮೊದಲು ಕಾರಣ ಹುಡುಕುತ್ತಾರೆ. ಹೊಸ ಎಕ್ಸ್‌ರೇ, ಬೇಕಾದರೆ ಸಿ.ಟಿ. ಸ್ಕ್ಯಾನ್. ನಂಜಿದೆಯೇ ಎಂದು ತಿಳಿಯಲು ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ. ಜೊತೆಗೆ ಸಕ್ಕರೆ, ಡಿ ಜೀವಸತ್ವ. ಈ ಪರೀಕ್ಷೆಗಳು ಬರೀ ಖರ್ಚು ಎಂದುಕೊಳ್ಳಬೇಡಿ. ನಂಜಿದ್ದದ್ದು ಗೊತ್ತಾಗದೆ ಹೊಸ ರಾಡ್ ಹಾಕಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅಲ್ಲಾಟವೇ ಕಾರಣವಾದರೆ: ಹಳೆಯ ರಾಡ್ ತೆಗೆದು, ಮೂಳೆಯ ಪೊಳ್ಳನ್ನು ಒಳಗಿನಿಂದ ಸ್ವಲ್ಪ ಕೊರೆದು ಅಗಲ ಮಾಡಿ, ಮೊದಲಿನದಕ್ಕಿಂತ ಒಂದೆರಡು ಮಿಲಿಮೀಟರ್ ದಪ್ಪದ ರಾಡ್ ಬಿಗಿಯಾಗಿ ಕೂರಿಸುತ್ತಾರೆ. ಕೊರೆಯುವಾಗ ಉದುರುವ ಮೂಳೆಪುಡಿ ಅಲ್ಲೇ ಗೊಬ್ಬರದ ಹಾಗೆ ಕೆಲಸ ಮಾಡುತ್ತದೆ. ಇನ್ನು ಕೆಲವರಲ್ಲಿ ಇದ್ದ ರಾಡನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಪ್ಲೇಟ್ ಸೇರಿಸಿ ಅಲ್ಲಾಟ ನಿಲ್ಲಿಸುತ್ತಾರೆ. ಮುರಿತ ಮಂಡಿಯ ಹತ್ತಿರ ಇದ್ದರೆ ಅಲ್ಲಿ ಪೊಳ್ಳು ಅಗಲ, ರಾಡ್ ಒಂದೇ ಸಾಲದು. ಅಂಥ ಕಡೆ ಪ್ಲೇಟ್ ಹೆಚ್ಚು ಉಪಯೋಗ. ಕೆಲವೊಮ್ಮೆ ರಾಡಿನ ಒಂದು ತುದಿಯ ಸ್ಕ್ರೂ ಮಾತ್ರ ತೆಗೆದು, ನಡೆಯುವಾಗ ಮೂಳೆಯ ತುದಿಗಳು ಒಂದಕ್ಕೊಂದು ಒತ್ತುವಂತೆ ಮಾಡುವುದೂ ಉಂಟು. ಅದು ಚಿಕ್ಕ ಆಪರೇಷನ್. ಆದರೆ ಎಲ್ಲರಿಗೂ ಹೊಂದದು.

ಸತ್ವವೇ ಇಲ್ಲದಿದ್ದರೆ: ಗಟ್ಟಿ ಮಾಡಿದರಷ್ಟೇ ಸಾಲದು, ಹೆಪ್ಪು ಹಾಕಬೇಕು. ಸೊಂಟದ ಮೂಳೆಯ ಅಂಚಿನಿಂದ ಮೆತ್ತನೆಯ ಮೂಳೆಚೂರುಗಳನ್ನು ತೆಗೆದು ಮುರಿದ ಜಾಗದ ಸುತ್ತ ತುಂಬುತ್ತಾರೆ. ಇದೇ ಮೂಳೆ ಕಸಿ. "ಅಯ್ಯೋ, ಚೆನ್ನಾಗಿರೋ ಸೊಂಟವನ್ನೂ ಕೆಡಿಸ್ತಾರಾ?" ಎಂದು ಹೆದರಬೇಡಿ. ಸೊಂಟದ ಬಲ ಕುಂದುವುದಿಲ್ಲ. ಚೂರು ತೆಗೆದ ಕಡೆ ಕೆಲವು ವಾರ ನೋವಿರುತ್ತದೆ, ಒಬ್ಬೊಬ್ಬರಿಗೆ ಇನ್ನೂ ಹೆಚ್ಚು ದಿನ.

ನಂಜಿದ್ದರೆ: ಇದು ತಾಳ್ಮೆಯ ದಾರಿ. ಸಾಮಾನ್ಯವಾಗಿ ಎರಡು ಹಂತ. ಮೊದಲು ಹಳೆಯ ರಾಡ್ ತೆಗೆದು, ಸತ್ತ ಮೂಳೆಯನ್ನು ಕೆತ್ತಿ, ತುಣುಕುಗಳನ್ನು ಪರೀಕ್ಷೆಗೆ ಕಳಿಸಿ, ಔಷಧಿ ಬೆರೆಸಿದ ಸಿಮೆಂಟನ್ನು ಒಳಗಿಡುತ್ತಾರೆ. ವಾರಗಟ್ಟಲೆ ಆಂಟಿಬಯೋಟಿಕ್ ಕೊಡುತ್ತಾರೆ. ನಂಜು ಇಳಿದ ಮೇಲೆ ಎರಡನೆಯ ಆಪರೇಷನ್, ಮೂಳೆ ಕಸಿ. ಫ್ರಾನ್ಸಿನ ಮಾಸ್ಕೆಲೆ ಎಂಬ ವೈದ್ಯರು 1980ರ ದಶಕದಲ್ಲಿ ಕಂಡುಕೊಂಡ ಒಂದು ಸಂಗತಿ ಇಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಆರೆಂಟು ವಾರ ಇಟ್ಟ ಸಿಮೆಂಟಿನ ಸುತ್ತ ಮೈ ತಾನೇ ಒಂದು ಪೊರೆ ಕಟ್ಟುತ್ತದೆ. ಸಿಮೆಂಟ್ ತೆಗೆದು ಆ ಪೊರೆಯ ಚೀಲದೊಳಗೆ ಮೂಳೆಚೂರು ತುಂಬಿದರೆ ಕಸಿ ಚೆನ್ನಾಗಿ ಹಿಡಿಯುತ್ತದೆ.

ಕೆತ್ತಿದ ಮೇಲೆ ದೊಡ್ಡ ಅಂತರವೇ ಉಳಿದರೆ ಮೂಳೆಯನ್ನೇ ಬೆಳೆಸುವ ವಿಧಾನವಿದೆ. ಸೈಬೀರಿಯದ ಕುರ್ಗಾನ್ ಊರಿನ ಇಲಿಜರೋವ್ ಎಂಬ ವೈದ್ಯರು 1950ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಕಾಲಿನ ಹೊರಗೆ ಬಳೆಗಳಂಥ ಚೌಕಟ್ಟು. ತೊಡೆಗಾದರೆ ಹೆಚ್ಚಾಗಿ ಪಕ್ಕದಲ್ಲೊಂದು ಉದ್ದನೆಯ ಕಂಬಿ. ಒಳ್ಳೆಯ ಮೂಳೆಯ ಕಡೆ ಒಂದು ಕತ್ತರಿಕೆ ಮಾಡಿ, ಆ ತುಂಡನ್ನು ದಿನಕ್ಕೆ 1 ಮಿಲಿಮೀಟರಿನಂತೆ ಸರಿಸುತ್ತಾರೆ. ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತಾ ಬರುತ್ತದೆ. ಆ ಒಂದು ಮಿಲಿಮೀಟರನ್ನೂ ಕಾಲು ಕಾಲು ಭಾಗ ಮಾಡಿ ದಿನಕ್ಕೆ ನಾಲ್ಕು ಸಲ ತಿರುಪು ತಿರುಗಿಸಬೇಕು. ಇದನ್ನು ಮನೆಯಲ್ಲೇ ಮಾಡುವುದು. ಚೌಕಟ್ಟು ಎಷ್ಟೋ ತಿಂಗಳು ಇರುತ್ತದೆ. ಸರಳು ಚರ್ಮ ಹೊಕ್ಕ ಜಾಗಗಳನ್ನು ದಿನವೂ ಶುಚಿ ಮಾಡಬೇಕು. ಕಷ್ಟವೇ, ನಿಜ. ಆದರೆ ಕಾಲು ಉಳಿಯುತ್ತದೆ.

ತೊಡೆಯ ಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿನ ಹತ್ತಿರದ ಭಾಗ ಕೂಡದಿದ್ದರೆ ಲೆಕ್ಕ ಬೇರೆ. ವಯಸ್ಸಾದವರಿಗೆ ಸಾಮಾನ್ಯವಾಗಿ ಕೀಲನ್ನೇ ಬದಲಿಸಿ ಬೇಗ ನಡೆಸುತ್ತಾರೆ. ಚಿಕ್ಕವರಿಗಾದರೆ ಮೂಳೆಯನ್ನು ಕತ್ತರಿಸಿ ಕೋನ ಬದಲಿಸಿ, ತಮ್ಮದೇ ಕೀಲು ಉಳಿಸಲು ನೋಡುತ್ತಾರೆ.

ಇವೆಲ್ಲದರಲ್ಲೂ ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ನಂಜಾಗಬಹುದು, ರಕ್ತ ಹೋಗಬಹುದು, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮಂಡಿ ಬಿಗಿಯಬಹುದು, ಕೆಲವರಿಗೆ ಮತ್ತೊಂದು ಸಲವೂ ಬೇಕಾಗಬಹುದು. ಆದರೆ ಕಾರಣ ಸರಿಯಾಗಿ ಹಿಡಿದು ಮಾಡಿದಾಗ ಹೆಚ್ಚಿನವರ ಮೂಳೆ ಕೂಡುತ್ತದೆ.

ನಾನು ಮಾಡಿದ ತಪ್ಪು

ಇನ್ನೊಂದು ಮಾತು, ಹೇಳಲು ಸಂಕೋಚವಾದರೂ ಹೇಳಿಬಿಡುತ್ತೇನೆ. ನಾನು ಮೂಳೆಯ ತಜ್ಞೆಯಲ್ಲ, ಸಣ್ಣ ಊರಿನ ಸಾಮಾನ್ಯ ವೈದ್ಯೆ. ಬಹಳ ವರ್ಷಗಳ ಹಿಂದೆ, ತೊಡೆಗೆ ರಾಡ್ ಹಾಕಿಸಿಕೊಂಡ ಹೆಣ್ಣುಮಗಳೊಬ್ಬಳು ನೋವೆಂದು ನನ್ನ ಬಳಿ ಬರುತ್ತಿದ್ದಳು. "ದೊಡ್ಡ ಪೆಟ್ಟಲ್ವೇನಮ್ಮ, ಇರುತ್ತೆ" ಎಂದು ನೋವಿನ ಮಾತ್ರೆ ಬರೆದುಕೊಟ್ಟೆ. ಎರಡು ತಿಂಗಳು ಹಾಗೇ ನಡೆಯಿತು. ಒಂದು ಎಕ್ಸ್‌ರೇ ತೆಗೆಸು ಎನ್ನಲಿಲ್ಲ. ಒಂದು ದಿನ ನೀರಿನ ಕೊಡ ಎತ್ತುವಾಗ ಒಳಗಿನ ರಾಡೇ ಮುರಿಯಿತು.

ಉಕ್ಕಿನ ರಾಡ್ ಮುರಿಯುತ್ತದೆಯೇ ಎನ್ನುತ್ತೀರಾ? ತಂತಿಯನ್ನು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವುದಿಲ್ಲವೇ? ಹಾಗೆಯೇ. ಮೂಳೆ ಕೂಡದಿದ್ದರೆ ಪ್ರತಿ ಹೆಜ್ಜೆಯ ಭಾರವೂ ಲೋಹದ ಮೇಲೇ ಬೀಳುತ್ತದೆ. ಮುರಿದ ರಾಡನ್ನು ಹೊರತೆಗೆಯುವುದು ಇನ್ನೂ ದೊಡ್ಡ ಕೆಲಸ. ಆ ಹೆಣ್ಣುಮಗಳು ಕೊನೆಗೆ ನಡೆದಳು. ಆದರೆ ಅವಳು ಪಟ್ಟ ಪಾಡಿನಲ್ಲಿ ನನ್ನ ಪಾಲೂ ಇದೆ. ಅಂದಿನಿಂದ, ಮೂಳೆ ಮುರಿದು ಆರು ತಿಂಗಳಾದ ಮೇಲೂ ನೋವು ಎಂದವರಿಗೆ ನಾನು ಮೊದಲು ಬರೆಯುವುದು ಎಕ್ಸ್‌ರೇ ಚೀಟಿ.

ಆದ್ದರಿಂದ ಎಣ್ಣೆ ಹಚ್ಚಿ ತಿಕ್ಕಿಸುವುದು, ಜಗ್ಗಿ ಕಟ್ಟು ಹಾಕಿಸುವುದು ಬೇಡವೇ ಬೇಡ. ಅಲ್ಲಾಟದಿಂದಲೇ ಕೂಡದ ಮೂಳೆಗೆ ಇನ್ನಷ್ಟು ಅಲ್ಲಾಟ ಕೊಟ್ಟಂತಾಗುತ್ತದೆ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದೂ ಒಳ್ಳೆಯದಲ್ಲ. ಅವುಗಳಲ್ಲಿ ಕೆಲವು ಮೂಳೆ ಕೂಡುವುದನ್ನೇ ನಿಧಾನ ಮಾಡಬಲ್ಲವು. ಹೊಟ್ಟೆ, ಮೂತ್ರಪಿಂಡಕ್ಕೂ ಕೆಟ್ಟವು.

ಮನೆಯಲ್ಲಿ ಮಾಡಬೇಕಾದ್ದು

ಊಟದ ಮಾತಿಗೆ ಬರೋಣ. ರಾಗಿ ನಮ್ಮ ನಾಡಿನ ಭಾಗ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ರಾಗಿ ಹಿಟ್ಟಿಗೆ ಒಂದು ಹಿಡಿ ನುಗ್ಗೆಸೊಪ್ಪು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಬಿಸಿನೀರಲ್ಲಿ ಕಲಸಿ, ರೊಟ್ಟಿ ತಟ್ಟಿ, ಕಡಲೆಕಾಯಿ ಚಟ್ನಿ, ಗಟ್ಟಿ ಮೊಸರಿನ ಜೊತೆ ತಿನ್ನಿ. ಬೇಳೆ, ಕಾಳು, ಹಾಲು, ತಿನ್ನುವವರಾದರೆ ಮೊಟ್ಟೆ, ದಿನವೂ ಇರಲಿ. ಮೂಳೆಗೆ ಸುಣ್ಣದಷ್ಟೇ ಪ್ರೋಟೀನೂ ಬೇಕು. ಆದರೆ ಊಟ ಒಂದರಿಂದಲೇ ಕೂಡದ ಮೂಳೆ ಕೂಡುತ್ತದೆ ಎಂದುಕೊಳ್ಳಬೇಡಿ. ಅದು ಚಿಕಿತ್ಸೆಗೆ ಬೆಂಬಲ ಅಷ್ಟೇ.

ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸುತ್ತೇನೆ. ಎಲ್ಲರಿಗೂ ಬಡಿಸಿ, ತಳದ ಸಾರು ಅನ್ನದಲ್ಲಿ ಊಟ ಮುಗಿಸುವ ಅಭ್ಯಾಸ ಎಷ್ಟು ಮನೆಗಳಲ್ಲಿ ಇನ್ನೂ ಇದೆ! ಮೂಳೆ ಕೂಡುವ ತನಕವಾದರೂ ನಿಮ್ಮ ಲೋಟದ ಹಾಲನ್ನು ಮೊದಲೇ ತೆಗೆದಿಡಿ.

ಬಿಸಿಲಿಗೂ ಸ್ವಲ್ಪ ಹೊತ್ತು ಕೈಕಾಲು ಒಡ್ಡಿ. ಡಿ ಜೀವಸತ್ವ ಕಡಿಮೆ ಇದ್ದರೆ ಡಾಕ್ಟರು 60,000 ಯೂನಿಟ್ಟಿನ ಪುಡಿ ಅಥವಾ ಮಾತ್ರೆ ಬರೆಯುತ್ತಾರೆ. ವಾರಕ್ಕೊಂದು ಎಂದು ಬರೆದದ್ದನ್ನು ಬೇಗ ಗುಣವಾಗಲಿ ಎಂದು ದಿನಕ್ಕೊಂದು ತೆಗೆದುಕೊಂಡರೆ ವಿಷವಾದೀತು, ಜೋಕೆ.

ನೆಲದ ಮೇಲೆ ಈಳಿಗೆ ಮಣೆ ಬೇಡ, ಮೇಜಿನ ಮೇಲೆ ಚಾಕುವಿನಿಂದ ಹೆಚ್ಚಿ. ಎತ್ತರದ ಕುರ್ಚಿ, ಕಮೋಡ್ ಇರಲಿ. ಬಚ್ಚಲಲ್ಲಿ ಹಿಡಿಯಲು ಒಂದು ಕಂಬಿ ಹಾಕಿಸಿ. ಕಾಲಿಗೆ ಎಷ್ಟು ಭಾರ ಕೊಡಬಹುದು ಎಂಬುದನ್ನು ಮಾತ್ರ ಡಾಕ್ಟರನ್ನೇ ಕೇಳಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗಲ್ಲ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್.ನವರಿಗೂ ನಿಗದಿತ ದರದ ಒಂದು ಭಾಗವನ್ನು ಸರ್ಕಾರ ಕೊಡುತ್ತದೆ. ಮೊದಲು ಪಡಿತರ ಚೀಟಿ, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಗೇ ಹೋಗಿ ವಿಚಾರಿಸಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವಿದೆ. ಬೆಂಗಳೂರಿನಲ್ಲಿ ಇದಕ್ಕೆಂದೇ ಸರ್ಕಾರದ ಸಂಜಯ್ ಗಾಂಧಿ ಸಂಸ್ಥೆ ಇದೆ. ಹಳೆಯ ಎಕ್ಸ್‌ರೇಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಹೋದಾಗ ನಾಲ್ಕು ಪ್ರಶ್ನೆ ಕೇಳಿ: ನನ್ನ ಮೂಳೆ ಕೂಡದಿರಲು ಕಾರಣ ಯಾವುದು? ನಂಜಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದೀರಾ? ಕಸಿ ಬೇಕಾಗುತ್ತದೆಯೇ? ಯಾವಾಗ ಕಾಲೂರಬಹುದು?

ಈಗ ನಿಮ್ಮ ಪ್ರಶ್ನೆಗೆ

ತಾಯಿ, "ಮೂಳೆ ದಪ್ಪ ಬೆಳೆದಿದೆ, ಮಧ್ಯೆ ಗೆರೆ ಇದೆ ಅಂತಾರೆ" ಎಂದು ಬರೆದಿದ್ದೀರಿ. ಹಾಗಿದ್ದರೆ ನಿಮ್ಮದು ನಾನು ಹೇಳಿದ ಮೊದಲ ಬಗೆ ಇರಬಹುದು. ಇದ್ದುದರಲ್ಲಿ ಇದೇ ಸುಲಭದ್ದು. ಆದರೆ ತೀರ್ಪು ಹೇಳಬೇಕಾದವರು ಚಿತ್ರ ನೋಡಿದ ತಜ್ಞರು, ನಾನಲ್ಲ. ಒಬ್ಬರ ಮಾತಿನಲ್ಲಿ ಅನುಮಾನವಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ತಪ್ಪಲ್ಲ. ಕೇಳದೆ ಕೂರುವುದು ತಪ್ಪು.

ಮದುವೆಯಾದ ಮೇಲೆ ನೋಡೋಣ ಎನ್ನುವುದು ಸರಿಯಾ ಎಂದಿರಿ. ಸರಿಯಲ್ಲ. ಐದು ತಿಂಗಳು ಮಾತ್ರೆ ನುಂಗಿ, ಮದುವೆ ಕೆಲಸಕ್ಕೆಂದು ಮನೆ ತುಂಬ ಓಡಾಡಿ, ದೇವರ ಸಮಾರಾಧನೆಯ ದಿನ ರಾಡ್ ಮುರಿದರೆ? ಈ ವಾರವೇ ತಜ್ಞರನ್ನು ಕಂಡು, ಈಗಲೇ ಆಪರೇಷನ್ ಆದರೆ ಐದು ತಿಂಗಳಿಗೆ ನಾನು ಹೇಗಿರುತ್ತೇನೆ ಎಂದು ನೇರವಾಗಿ ಕೇಳಿ. ಮೂಳೆ ಪೂರ್ತಿ ಕೂಡಿರುತ್ತದೆಂದು ನಾನು ಮಾತು ಕೊಡಲಾರೆ. ವಾಕರ್ ಹಿಡಿದೇ ಧಾರೆ ಎರೆಯಬೇಕಾಗಬಹುದು. ಎರೆಯಿರಿ, ಅದಕ್ಕೇನಂತೆ? ತಾಯಿ ಕುಂಟುತ್ತಾಳೆ ಎಂದು ಯಾವ ಬೀಗರೂ ಮದುವೆ ಬಿಡುವುದಿಲ್ಲ. ಯಾವ ಕಾರಣಕ್ಕೋ ತಡವಾಗುವುದೇ ಆದರೆ, ಅಲ್ಲಿಯವರೆಗೆ ಊರುಗೋಲು ಬಿಡಬೇಡಿ, ಕೊಡ ಎತ್ತಬೇಡಿ. ಜ್ವರ, ಕೀವು, ತೊಡೆ ಸೊಟ್ಟಗಾಗುವುದು, ನೋವು ಥಟ್ಟನೆ ಹೆಚ್ಚುವುದು - ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆ.

ಈ ಪುಟವನ್ನು ಯಜಮಾನರಿಗೂ ಓದಲು ಕೊಡಿ. ಅವರಿಗೆ ನನ್ನದೊಂದು ಮಾತು: ಸ್ವಾಮಿ, ಮಗಳ ಮದುವೆಯ ಖರ್ಚಿನ ಪಟ್ಟಿಯಲ್ಲಿ ಓಲಗ, ಚಪ್ಪರ, ಸೀರೆಗಳ ಜೊತೆ ಮಗಳ ತಾಯಿಯ ಕಾಲನ್ನೂ ಬರೆದುಕೊಳ್ಳಿ, ಎಲ್ಲಕ್ಕಿಂತ ಮೇಲೆ. ಸ್ಕೂಟರಿನ ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಜಾಲರಿ ಇದೆಯೋ ಇಲ್ಲವೋ, ಇವತ್ತೇ ನೋಡಿ. ಮತ್ತು ಓದುಗ ಸೋದರಿಯರೇ, ಹತ್ತುವ ಮುನ್ನ ಸೆರಗನ್ನು ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ಮರೆಯಬೇಡಿ.

ಆಪರೇಷನ್ ಆದ ಮೇಲೆ ನನಗೊಂದು ಕಾಗದ ಬರೆಯಿರಿ ತಾಯಿ. ಮದುವೆಯ ಕರೆಯೋಲೆ ಕಳಿಸಿದರೂ ಸಂತೋಷವೇ.

ಮುಂದಿನ ಸಂಚಿಕೆಯಲ್ಲಿ: ಮಕ್ಕಳ ರಾತ್ರಿಕೆಮ್ಮು.